ಮೊದಲ ಅರ್ಧ ಕುದುರೆಗೆ

ಮೊನ್ನೆ ಬೆಳಿಗ್ಗೆ ಅಡಿಗೆಮನೆಯಿಂದ ಗಸಗಸೆ ಹುರಿಯುವ ವಾಸನೆ ಬಂತು. ತುಪ್ಪ ಕಾದು, ಅಂಟು ಅರಳಿ, ಒಣಕೊಬ್ಬರಿ ಕೆಂಪಗಾಗಿ, ಎಲ್ಲ ಆದ ಮೇಲೆ ಕಡೆಗೆ ಗಸಗಸೆಯ ಪಾಳಿ. ಬಾಣಲೆಗೆ ಬಿದ್ದ ಕೂಡಲೇ ಅದು ಚಿಟಚಿಟ ಅಂದು ಮನೆಯ ಮೂಲೆಮೂಲೆಗೂ ಒಂದು ಬೆಚ್ಚಗಿನ, ತುಸು ಮಂಪರು ತರುವ ವಾಸನೆಯನ್ನು ಹಬ್ಬಿಸುತ್ತದೆ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಅಂಟಿನ ಉಂಡಿ ಕಟ್ಟದೆ ಬಾಣಂತನ ಮಾಡಿದರೆ ಬೈಲಹೊಂಗಲದಲ್ಲಿ ನಾಲ್ಕು ಮಂದಿಗೆ ಮುಖ ತೋರಿಸುವುದು ಹೇಗೆ? ನಾನು ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟು ಚಪ್ಪಲಿ ಮೆಟ್ಟಿದೆ.

"ಇಷ್ಟ ಲಗೂ ಎಲ್ಲಿ ಹೊಂಟ್ರಿ? ಔಷಧದ ಅಂಗಡಿ ಮುಂದ ಜನಾ ಪಾಳಿ ಹಚ್ಚಿ ನಿಂತಾರೇನು?" ಅಂದಳು ಹೆಂಡತಿ.

"ಗಸಗಸಿ ವಾಸನಿ ನನಗ ಆಗಿಬರಂಗಿಲ್ಲ ಅಂತ ಗೊತ್ತದ ಅಲ್ಲ ನಿನಗ?"

"ಏಳು ವರ್ಷದ ಹಿಂದಿನ ತನಕಾ ಮುಕ್ಕತಿದ್ರಿ."

ಅಂಗಡಿಯ ಕೀಲಿಕೈ ತಗೊಂಡು ಹೊರಬಿದ್ದೆ. ಏಳು ವರ್ಷದಿಂದ ನಮ್ಮ ಮನೆಗೆ ಗಸಗಸೆ ಬಂದಿರಲಿಲ್ಲ. ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಅವಳಿಗೆ ಸುಳ್ಳು ಹೇಳಿಟ್ಟಿದ್ದೆ.

ನಾನು ಮೊದಲಿನಿಂದಲೂ ಕಾಳಜಿಯ ಮನುಷ್ಯ. ಬೀಗ ಹಾಕಿ ಮೂರು ಸಲ ಜಗ್ಗಿ, ಓಣಿಯ ತುದಿಯಿಂದ ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುವವನು. ಸವದತ್ತಿಯ ಬಸ್ಸಿನಲ್ಲಿ ಚಾಲಕ ಆಕಳಿಸಿದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡಲೇ ಎಂದು ಯೋಚಿಸುವವನು. ನವಿಲುತೀರ್ಥಕ್ಕೆ ಹೋದರೆ ಎಲ್ಲರೂ ನೀರು ನೋಡುತ್ತಾರೆ, ನಾನು ಡ್ಯಾಮಿನ ಗೋಡೆಯಲ್ಲಿ ಬಿರುಕು ಹುಡುಕುತ್ತೇನೆ. ಜನ್ಮವಿಡೀ ಬೇಡದ್ದಕ್ಕೆಲ್ಲ ಕಾಳಜಿ ಮಾಡಿದ ನಾನು, ಮಾಡಲೇಬೇಕಾಗಿದ್ದ ಒಂದು ಮಧ್ಯಾಹ್ನ ಮಾತ್ರ ನಿಶ್ಚಿಂತೆಯಿಂದ ಇದ್ದೆ.

ಆ ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದವರು ಕಾಕಾ.

ಸಂಬಂಧದಿಂದ ಕಾಕಾ ಅಲ್ಲ. ನಮ್ಮ ಹಿಂದಿನ ಓಣಿಯವರು. ಬಸ್‌ಸ್ಟ್ಯಾಂಡಿನ ಮುಂದೆ ಟಾಂಗಾ ಹೊಡೆಯುತ್ತಿದ್ದರು. ನಮ್ಮ ತಂದೆ ಪೌರೋಹಿತ್ಯದವರು. ಸುತ್ತಲಿನ ಹಳ್ಳಿಗಳಿಗೆ ಪೂಜೆಗೆ ಹೊರಟರೆ ಕಾಕಾನ ಟಾಂಗಾವೇ ಆಗಬೇಕು. ತಂದೆಯನ್ನು "ಆಚಾರ್ರ" ಎಂದು ಕರೆಯುತ್ತಿದ್ದ ಕಾಕಾ ನನ್ನನ್ನು "ಸಣ್ಣಾಚಾರ್ರ" ಅಂದರು. ನನ್ನ ತಲೆ ಬೋಳಾದ ಮೇಲೂ ಅದನ್ನು ಬಿಡಲಿಲ್ಲ.

ಕಾಕಾನ ಮನೆಯವರು ಬೌದ್ಧರು. ಹೊರಕೋಣೆಯಲ್ಲಿ ಬುದ್ಧನದೊಂದು ಪಟ, ಅದರ ಕೆಳಗಿನ ಗೂಟದಲ್ಲಿ ಲಗಾಮು. ಅವರ ತಂದೆಯ ಕಾಲದಿಂದ ಬಂದ ಒಂದು ಪದ್ಧತಿಯಿತ್ತು: ಏನೇ ತಿನ್ನುವುದಿದ್ದರೂ ಮೊದಲ ಅರ್ಧ ಕುದುರೆಗೆ. ರೊಟ್ಟಿಯಿರಲಿ, ಬೆಲ್ಲದ ಚೂರಿರಲಿ, ಯಾರದೋ ಮದುವೆಯ ಬುಂದಿ ಇರಲಿ. ಎಳೆದು ತಂದದ್ದು ಅದು, ತುತ್ತೂ ಮೊದಲು ಅದರದೇ ಎಂಬ ಲೆಕ್ಕ.

ಚಳಿಗಾಲದಲ್ಲಿ ನಮ್ಮ ಅಜ್ಜಿ ಕಟ್ಟೆಯ ಮೇಲೆ ನಿಂತು, ಕೈ ತಾಗದ ಹಾಗೆ ಮೇಲಿನಿಂದ, ಕಾಕಾನ ಅಂಗೈಗೆ ಒಂದು ಅಂಟಿನ ಉಂಡಿ ಬಿಡುತ್ತಿದ್ದಳು. ಕಾಕಾ ಅವಳ ಎದುರಿಗೇ ಅದನ್ನು ಮುರಿದು ಅರ್ಧ ಕುದುರೆಯ ಬಾಯಿಗೆ ಹಿಡಿಯುತ್ತಿದ್ದರು. ಅಜ್ಜಿಗೆ ಸಿಟ್ಟು.

"ನೈವೇದ್ಯ ಮಾಡಿದ ಉಂಡೀನ ಕುದುರಿಗೆ ಹಾಕ್ತೀಯಲ್ಲೋ!"

"ನನ್ನ ದೇವರು ಇಲ್ಲೇ ನಿಂತೈತ್ರಿ ಅಜ್ಜಿ, ಕಣ್ಣಿದುರಿಗೇ ತಿಂತೈತಿ. ನಿಮ್ಮ ದೇವರು ಒಂದ ಉಂಡಿಯರ ತಿಂದದ್ದ ನೋಡೀರೇನು?"

ಟಾಂಗಾದಲ್ಲಿ ಕೂತ ತಂದೆ ಶಲ್ಯದಲ್ಲಿ ನಗೆ ಮುಚ್ಚಿಕೊಳ್ಳುತ್ತಿದ್ದರು...

ಮುಂದೆ ಆಟೋಗಳು ಬಂದವು. ಬಸ್‌ಸ್ಟ್ಯಾಂಡಿನ ಮುಂದಿನ ಹುಲ್ಲಿನ ವಾಸನೆ ಹೋಗಿ ಎಣ್ಣೆಯ ವಾಸನೆ ಬಂತು. ಎಲ್ಲ ಟಾಂಗಾದವರ ಹಾಗೆ ಕಾಕಾನೂ ಗಾಡಿ ಮಾರಿದರು. ಆದರೆ ಕುದುರೆಯ ಸಹವಾಸ ಬಿಡುವುದಾಗಲಿಲ್ಲ. ಬಳಗದವರೊಬ್ಬರ ಕೈ ಹಿಡಿದು ದೊಡ್ಡ ಶಹರದ ರೇಸ್‌ಕೋರ್ಸಿಗೆ ಹೋಗಿ ಸೈಸ್ ಆದರು. ಸೈಸ್ ಎಂದರೆ ಕುದುರೆಯ ಮೈ ತಿಕ್ಕಿ, ಮೇವು ಹಾಕಿ, ನಡೆದಾಡಿಸಿ, ಅದರ ಲಾಯದ ಬಾಗಿಲಲ್ಲೇ ಮಲಗುವವನು. ಓಡಿಸುವ ಜಾಕಿ ಬೇರೆ, ತಯಾರು ಮಾಡುವ ಟ್ರೇನರ್ ಬೇರೆ, ಫೋಟೋದಲ್ಲಿ ಕಪ್ಪು ಹಿಡಿದು ನಿಲ್ಲುವ ಮಾಲಕರು ಬೇರೆ. ಫೋಟೋದ ಅಂಚಿನಲ್ಲಿ ಲಗಾಮು ಹಿಡಿದ ಒಂದು ಕೈ ಕಾಣುತ್ತದಲ್ಲ, ಅದು ಸೈಸನದು.

ವರ್ಷಕ್ಕೊಮ್ಮೆ ಊರಿಗೆ ಬಂದಾಗ ಕಾಕಾ ನನ್ನ ಅಂಗಡಿಯಲ್ಲಿ ಕೂತು ರೇಸಿನ ಸುದ್ದಿ ಹೇಳುತ್ತಿದ್ದರು. ಒಂದು ವರ್ಷ ಎಲ್ಲ ಮಾತೂ ಒಂದೇ ಹೆಣ್ಣು ಕುದುರೆಯ ಸುತ್ತ ತಿರುಗತೊಡಗಿತು. ಕೆಂಗಂದು ಬಣ್ಣ, ಹಣೆಯ ಮೇಲೆ ಅಕ್ಕಿಕಾಳಿನಷ್ಟು ಬಿಳುಪು. ಕಾಗದದ ಮೇಲೆ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಕಾಕಾ ಕರೆಯುತ್ತಿದ್ದುದು ತಂಗೆವ್ವ ಎಂದು. ಬಂದ ಹೊಸದರಲ್ಲಿ ಯಾರು ಹತ್ತಿರ ಹೋದರೂ ಕಚ್ಚುತ್ತಿದ್ದಳಂತೆ. ಕಾಕಾ ಹದಿನೈದು ದಿನ ಅವಳೆದುರು ಕೂತು ತಮ್ಮ ರೊಟ್ಟಿ ಮುರಿದು ಮೊದಲ ಅರ್ಧ ಚಾಚಿ ಹಿಡಿದರಂತೆ. ಹದಿನಾರನೆಯ ದಿನ ತಗೊಂಡಳು.

ತಂಗೆವ್ವ ಓಡತೊಡಗಿದ ಮೇಲೆ ಅವಳ ಹಿಂದೆ ಧೂಳು ಮಾತ್ರ ಉಳಿಯಿತು. ಆರು ಫರ್ಲಾಂಗಿನ, ಅಂದರೆ ಮುಕ್ಕಾಲು ಮೈಲಿಯ, ಓಟದಲ್ಲಿ ಒಂದರ ಮೇಲೊಂದು ಗೆಲುವು. ಒಮ್ಮೆ ಮಾತ್ರ ಯಾರಿಗೋ ಆಸೆಯಾಗಿ ಮೈಲಿಯ ಓಟಕ್ಕೆ ಬಿಟ್ಟರು, ಸೋತಳು.

"ಸೋಲಲಿಲ್ರಿ, ಬ್ಯಾಸರಾತು ಆಕಿಗಿ," ಎಂದು ಕಾಕಾ ವಕಾಲತ್ತು ಮಾಡಿದರು. "ಉದ್ದನ ಓಟಕ್ಕ ಬುದ್ಧಿ ಬೇಕ್ರಿ ಸಣ್ಣಾಚಾರ್ರ. ಆರ ಫರ್ಲಾಂಗಿಗಿ ಬುದ್ಧಿ ಬ್ಯಾಡ, ಸಿಟ್ಟ ಬೇಕು. ಗೇಟ ತಗದ ಕೂಡ್ಲೆ, ಯಾರೋ ಅವ್ವನ ಮ್ಯಾಲ ಬೈದಾರ ಅನ್ನುವಂಗ ಓಡಬೇಕು."

ಅವರ ಫೋನಿನಲ್ಲಿ ಆ ಓಟಗಳಿದ್ದವು. ಒಂದು ನಿಮಿಷ, ಮೇಲೆ ಕೆಲವು ಸೆಕೆಂಡು, ಅಷ್ಟೇ. ನಾನು ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದು ನೋಡುತ್ತಿದ್ದೆ. ಎಡವಿದರೆ? ಕಾಲು ಮುರಿದರೆ?

"ಅದು ಹ್ವಾದ ತಿಂಗಳ ಗೆದ್ದ ಓಟ ಐತ್ರಿ," ಅನ್ನುತ್ತಿದ್ದರು ಕಾಕಾ. "ಉಸರ ಬಿಡ್ರಿ, ಇಲ್ಲಂದ್ರ ನಿಮ್ಮ ಅಂಗಡಿ ಗುಳಿಗಿ ನಿಮಗಽ ಬೇಕಾದಾವು."

ಆಮೇಲೆ ದುಬೈಯ ಮಾತು ಬಂತು. ದೇಶದಲ್ಲಿ ಸಣ್ಣ ಓಟಕ್ಕೆ ಅವಳ ಸರಿಸಮಾನ ಯಾರೂ ಉಳಿದಿಲ್ಲ, ಹೊರಗೆ ಓಡಿಸೋಣ ಎಂದು ಮಾಲಕರು ನಿಶ್ಚಯ ಮಾಡಿದರಂತೆ. ನಮ್ಮ ದೇಶದ ಕುದುರೆಯನ್ನು ನೇರ ಒಳಗೆ ಬಿಡುವುದಿಲ್ಲ. ರೋಗದ ಭಯಕ್ಕೆ ನಡುವೆ ಇನ್ನೊಂದು ದೇಶದಲ್ಲಿ ತಿಂಗಳುಗಟ್ಟಲೆ ಬೇರೆಯಾಗಿ ಇಟ್ಟು, ಮತ್ತೆ ಮತ್ತೆ ರಕ್ತ ನೋಡಿ, ಆಮೇಲೆ ಬಿಡುತ್ತಾರೆ. ಅಷ್ಟು ದಿನ ಜೊತೆಗಿರುವವರು ಯಾರು? ಕಾಕಾನ ಕೈ ಕುತ್ತಿಗೆಯ ಮೇಲಿರದಿದ್ದರೆ ತಂಗೆವ್ವ ಲಾರಿಯನ್ನೇ ಹತ್ತುವುದಿಲ್ಲ, ವಿಮಾನ ಹೇಗೆ ಹತ್ತಿಯಾಳು? ಟ್ರೇನರ್ ಕಾಕಾನ ಹೆಸರನ್ನೇ ಬರೆಸಿದರು. ಅದಕ್ಕೂ ಮೊದಲು ಇಲ್ಲೊಂದು ದೊಡ್ಡ ಓಟ ಉಳಿದಿತ್ತು. ಅದನ್ನು ಗೆದ್ದರೆ ಹೋಗುವುದು ಗಟ್ಟಿ.

ನನಗೋ ಕಾಳಜಿಯ ಸುಗ್ಗಿ. ಅಲ್ಲಿಯ ಉಸುಕಿನ ದಾರಿ ಆಕೆಯ ಕಾಲಿಗೆ ಒಗ್ಗೀತೆ? ಅರಬಸ್ತಾನದ, ಅಮೆರಿಕೆಯ ಕುದುರೆಗಳ ನಡುವೆ ನಮ್ಮವಳು ನಿಂತಾಳೆ? ಕಾಕಾ ಮಾತ್ರ ತಣ್ಣಗೆ, "ನಾಕನೇ ನಂಬರ ಬಂದ್ರೂ ಸಾಕ್ರಿ. ಹುಟ್ಟಿ ಅರವತ್ತ ವರ್ಷಕ್ಕ ಒಮ್ಮೆಯರ ಆಕಿ ಸಂಗಾಟ ಮುಗಲ ಮ್ಯಾಲ ಹೋಗಿ ಬರತೇನಿ," ಅಂದರು. ಅವರ ಪಾಸ್‌ಪೋರ್ಟಿನ ಅರ್ಜಿ ತುಂಬಿದವನು ನಾನೇ. ಹುಟ್ಟಿದ ತಾರೀಖಿನ ಮುಂದೆ "ಜ್ವಾಳದ ಸುಗ್ಗಿ ನಡದಿತ್ತಂತ, ಅಷ್ಟಽ ಗೊತ್ತು" ಅಂದವರಿಗೆ ಸಾಲಿಯ ದಾಖಲೆ ಹುಡುಕಿಸಿದ್ದೂ ನಾನೇ.

ಪೊಲೀಸರ ಪರಿಶೀಲನೆಗೆಂದು ಕಾಕಾ ನಾಲ್ಕು ದಿನ ಊರಿಗೆ ಬಂದರು. ಹೊರಡುವ ದಿನ ಮಧ್ಯಾಹ್ನ ಅಂಗಡಿಗೆ ಬಂದು ಕಿಸೆಯಿಂದ ಮಡಿಸಿದ ಇಂಗ್ಲಿಷ್ ಹಾಳೆಯೊಂದನ್ನು ತೆಗೆದರು. ಕುದುರೆಯ ಹೊಟ್ಟೆಗೆ ಸೇರಬಾರದ ವಸ್ತುಗಳ ಪಟ್ಟಿ. ಹೊರದೇಶದ ಮಾತು, ಒಂದು ಹನಿಯೂ ಒಳಗೆ ಹೋಗಬಾರದು ಎಂದು ಟ್ರೇನರ್ ಎಲ್ಲ ಸೈಸರಿಗೂ ಹಂಚಿದ್ದರಂತೆ.

"ನೀವು ಔಷಧದವ್ರು. ನೋಡಿ ಕನ್ನಡದಾಗ ಹೇಳ್ರಿ."

ನಮ್ಮ ಮನೆತನದವರು ತಲೆಮಾರುಗಟ್ಟಲೆ ಮಂತ್ರ ಓದಿದವರು. ಆ ಪಟ್ಟಿಯನ್ನು ನಾನು ಸ್ವರ ತಪ್ಪದ ಹಾಗೆ ಓದಿದೆ. ಕಾಕಾನ ಚೀಲ ತೆಗೆಸಿದೆ. ಮೊಣಕಾಲಿಗೆ ತಿಕ್ಕುವ ಮುಲಾಮು ಕಸಿದುಕೊಂಡೆ. ಕೆಮ್ಮಿನ ಔಷಧ ಕಸಿದುಕೊಂಡೆ. ತಂಬಾಕಿನ ಚೀಲಕ್ಕೆ ಕೈ ಹಾಕಿದಾಗ ಅವರು, "ಜೀವಾ ಒಂದ ಬಿಡ್ರಿ," ಅಂದರು. ನಾನು ಅದನ್ನು ಬಿಟ್ಟೆ. "ತಿಂದ ಮ್ಯಾಲ ಸಾಬಾಣ ಹಚ್ಚಿ ಕೈ ತೊಳದಽ ಆಕಿನ್ನ ಮುಟ್ರಿ. ಚಹಾ ಕುಡದ ಕಪ್ಪು ಆಕಿ ನೀರಿನ ಬಕೀಟಿನ್ಯಾಗ ಅದ್ದಬ್ಯಾಡ್ರಿ," ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಪಟ್ಟಿಯ ನಡುವೆ ಮಾರ್ಫಿನ್ ಎಂಬ ಹೆಸರಿತ್ತು.

"ಇದೇನ್ರಿ?"

"ಅಫೀಮಿಂದ ತಗಿಯೋದು."

"ಅಫೀಮು ತಿನ್ನಾಕ ನನ್ನನ್ನ ಯಾವ ಸಂಸ್ಥಾನದ ಅರಸಾ ಅಂತ ತಿಳಕೊಂಡಾರ ಇವ್ರು?"

ಇಬ್ಬರೂ ನಕ್ಕೆವು. ನಮಗೆ ಸಂಬಂಧವಿಲ್ಲವೆಂದು ನಾನು ಆ ಹೆಸರಿನ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದೆ.

ಅದೇ ಹೊತ್ತಿಗೆ ನನ್ನ ಹೆಂಡತಿ ಮನೆಯಿಂದ ಉಂಡಿಯ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಚಳಿಗಾಲ, ಹಿಂದಿನ ದಿನವಷ್ಟೇ ಕಟ್ಟಿದ್ದಳು. ಮೇಲಿನಿಂದ ಬಿಡುವ ಕಾಲ ಹೋಗಿತ್ತು. ನಾನು ಡಬ್ಬಿಯನ್ನು ನನ್ನ ಕೈಯಿಂದ ಕಾಕಾನ ಕೈಯಲ್ಲಿಟ್ಟೆ. ಅಜ್ಜಿಗಿಂತ ಎಷ್ಟು ಮುಂದೆ ಬಂದಿದ್ದೇನೆ ಎಂದು ಒಳಗೊಳಗೇ ಹೆಮ್ಮೆಯೂ ಪಟ್ಟೆ.

"ದಿನಕ್ಕೊಂದು ತಿನ್ರಿ ಕಾಕಾ. ಮುಲಾಮಿಲ್ಲದಿದ್ದರೂ ಮೊಣಕಾಲು ಹಿಡಿಯಂಗಿಲ್ಲ."

ಗಸಗಸೆ ಅಫೀಮಿನ ಗಿಡದ್ದೇ ಬೀಜ. ಫಾರ್ಮಸಿ ಓದುವಾಗ ಒಂದಿಡೀ ಪುಟ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಗಿಡದ ಚಿತ್ರ ಬಿಡಿಸಿ ಬಂದಿದ್ದೆ. ಮನುಷ್ಯರಿಗೆ ಒಂದು ಉಂಡಿಯಿಂದ ಏನೂ ಆಗುವುದಿಲ್ಲ. ಕುದುರೆಗೂ ಬಹುಶಃ ಏನೂ ಆಗುವುದಿಲ್ಲ. ಆದರೆ ಅದರ ಮೂತ್ರದಲ್ಲಿ ಕಂಡೀತು ಎಂಬುದು ನನಗೆ ಹೊಳೆಯಬೇಕಿತ್ತು. ಮೊದಲ ಅರ್ಧ ಯಾರ ಬಾಯಿಗೆ ಹೋಗುತ್ತದೆ ಎಂಬುದಂತೂ ನನಗೆ ಚಿಕ್ಕಂದಿನಿಂದ ಗೊತ್ತಿತ್ತು.

ಹತ್ತು ದಿನಕ್ಕೆ ಓಟ. ನನ್ನ ಅಂಗಡಿಯಲ್ಲಿ ಅರ್ಧ ಓಣಿ ನೆರೆದು ಫೋನಿನ ಮೇಲೆ ಬಾಗಿತ್ತು. ಗೇಟು ತೆರೆಯಿತು, ಯಾರೋ ನಿಜವಾಗಿಯೂ ಅವ್ವನ ಮೇಲೆ ಬೈದಿರಬೇಕು. ತಂಗೆವ್ವ ಗೆದ್ದಳು. ಎರಡನೆಯ ಕುದುರೆ ಅದೇ ಫೋನಿನಲ್ಲಿ ಕಾಣಲು ತುಸು ಹೊತ್ತು ಹಿಡಿಯಿತು. ನಾನು ಪೇಢೆ ತರಿಸಿ ಹಂಚಿದೆ. ಅವತ್ತು ನನ್ನ ತಲೆಯಲ್ಲಿದ್ದ ಕಾಳಜಿ ಒಂದೇ: ವಿಮಾನದಲ್ಲಿ ಕಾಕಾನ ಕಿವಿ ನೋಯಬಹುದಲ್ಲ, ಹತ್ತಿ ಕಳಿಸಬೇಕೇ?

ಮೂರು ವಾರಕ್ಕೆ ಕಾಕಾ ಟ್ರಂಕಿನೊಂದಿಗೆ ಬಂದರು. ಫೋನೂ ಇಲ್ಲ, ಸುದ್ದಿಯೂ ಇಲ್ಲ. ಸೀದಾ ಅಂಗಡಿಗೆ ಬಂದು ಅದೇ ಸ್ಟೂಲಿನ ಮೇಲೆ ಕೂತು, ಇನ್ನೊಂದು ಇಂಗ್ಲಿಷ್ ಹಾಳೆ ನನ್ನ ಮುಂದಿಟ್ಟರು.

"ಓದ್ರಿ. ಅಫೀಮು ಸಿಕ್ತು ಅಂತಾರ."

ಗೆದ್ದ ಕುದುರೆಯ ಮೂತ್ರ ಪರೀಕ್ಷೆಯಲ್ಲಿ ಮಾರ್ಫಿನ್. ಗೆಲುವು ರದ್ದು. ಹೊರದೇಶದ ಪ್ರಯಾಣ ರದ್ದು. ಎಲ್ಲಿಂದ ಬಂತು ಎಂಬುದಕ್ಕೆ ಸೈಸ್ ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಆ ಪುಟ, ಆ ಗಿಡದ ಚಿತ್ರ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಕಾಕಾ... ಉಂಡಿ..."

ಕಾಕಾ ರಸ್ತೆ ನೋಡುತ್ತಿದ್ದರು. ಅವರಿಗೆ ಆಗಲೇ ಗೊತ್ತಿತ್ತು. ವಿಚಾರಣೆಯಲ್ಲಿ ರೇಸ್‌ಕೋರ್ಸಿನ ಕುದುರೆ ಡಾಕ್ಟರು ಒಂದೊಂದೇ ತಿನಿಸಿನ ಹೆಸರು ಹೇಳುತ್ತ ಗಸಗಸೆಗೆ ಬಂದಾಗ ತಿಳಿದಿತ್ತಂತೆ.

"ಉಂಡಿ ಛಲೋ ಆಗಿದ್ದುವ್ರಿ," ಅಂದರು. "ಆಕಿಗೂ ಸೇರಿದ್ದುವು."

ನಾನು ಅಳುವುದಕ್ಕೆ ಶುರು ಮಾಡಿದೆ. ಔಷಧ ಕೇಳಲು ಬಂದ ಗಿರಾಕಿಯೊಬ್ಬ ನೋಡಿ ಹಿಂದಕ್ಕೆ ಹೋದ. ಕಾಕಾ ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

"ಪಟ್ಟಿಯೊಳಗ ಉಂಡಿ ಅಂತ ಇರಲಿಲ್ಲಲ್ರಿ. ನಿಮಗ ತಿಳೀಲಿಲ್ಲ, ನನಗ ತಿಳೀಲಿಲ್ಲ. ಈಗ ಉತ್ತರ ಬರೀರಿ, ನಾ ಹೇಳ್ತೇನಿ. ಹೊರಗಿನ ತಿನಿಸು ನಾನಽ ಕೊಟ್ಟೇನಿ. ಎಲ್ಲಿಂದ ತಂದ್ನೆಂಬೂದು ನೆನಪಿಲ್ಲ. ತಪ್ಪು ನಂದು."

"ಉಂಡಿ ನಮ್ಮ ಮನೀದು ಅಂತ ಬರೀತೀನಿ. ನಾ ಬಂದು ಹೇಳ್ತೀನಿ."

"ನಿಮ್ಮದು ಔಷಧದ ಅಂಗಡಿ ಐತಿ. ಅಫೀಮು, ಔಷಧದ ಅಂಗಡಿ, ಎರಡೂ ಒಂದಽ ಕಾಗದದಾಗ ಬಂದ್ರ ನಾಳಿ ನಿಮ್ಮ ಲೈಸೆನ್ಸಿಗಿ ಕುಂದ. ನನ್ನದಂತೂ ಹೋತು. ಮನಿ ಹೆಸರ ಬರೀಬ್ಯಾಡ್ರಿ."

ಆಗ ನನಗೆ ಏನಾಯಿತೆಂದು ಬರೆಯಲು ಏಳು ವರ್ಷ ಹಿಡಿಯಿತು. ನನಗೆ ಹಾಯೆನಿಸಿತು. ಎದುರಿಗೆ ಒಬ್ಬ ಮನುಷ್ಯನ ಜೀವಮಾನ ಮುಳುಗುತ್ತಿತ್ತು, ನನ್ನ ಲೈಸೆನ್ಸು ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಭದ್ರವಾಗಿತ್ತು, ನನಗೆ ಹಾಯೆನಿಸಿತು. ಎರಡು ಸಲ ಬೇಡವೆಂದೆ; ಮೂರನೆಯ ಸಲ ಅನ್ನಲಿಲ್ಲ. ಪೆನ್ನು ತೆಗೆದೆ. ಅವರು ಹೇಳಿದ್ದನ್ನು ಒಳ್ಳೆಯ ಇಂಗ್ಲಿಷಿನಲ್ಲಿ, ವ್ಯಾಕರಣ ತಪ್ಪದ ಹಾಗೆ ಬರೆದುಕೊಟ್ಟೆ. ಅಡ್ಡಗೆರೆ ಎಳೆದ ಅದೇ ಪೆನ್ನು.

ಎದ್ದು ನಿಂತವರು ತಿರುಗಿ, "ಅಕ್ಕಾರಿಗಿ ಹೇಳಬ್ಯಾಡ್ರಿ. ಅಡಗಿ ಮಾಡಾವ್ರಿಗಿ ಇಂಥಾ ಮಾತ ಹೇಳಬಾರ್ದು," ಅಂದರು. ಅಕ್ಕಾರು ಎಂದರೆ ನನ್ನ ಹೆಂಡತಿ.

ಕಾಕಾ ಮತ್ತೆ ಯಾವ ಲಾಯದ ಹತ್ತಿರವೂ ಸುಳಿಯಬಾರದೆಂದು ಆಜ್ಞೆ ಬಂತು. ತಂಗೆವ್ವ ಕೆಲವು ತಿಂಗಳು ಓಡುವಂತಿರಲಿಲ್ಲ. ಅಷ್ಟರಲ್ಲಿ ಹೊರದೇಶದ ಓಟದ ದಿನ ಕಳೆದಿತ್ತು. ಮಾಲಕರಿಗೂ ಉಮೇದಿ ಇಳಿದು, ಮರಿ ಹಾಕಿಸಲು ದೂರದ ಯಾವುದೋ ಫಾರ್ಮಿಗೆ ಕೊಟ್ಟರಂತೆ. ಸುದ್ದಿ ತಂದ ಹಳೆಯ ಸೈಸನೊಬ್ಬ ಹೇಳಿದ: ಕಾಕಾ ಬಿಟ್ಟು ಬಂದ ಮೇಲೆ ಅವಳು ಮೂರು ದಿನ ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ದಳಂತೆ, ಮೇವು ಮುಟ್ಟಲಿಲ್ಲವಂತೆ. ನಾಲ್ಕನೆಯ ದಿನ ಹೊಸಬನ ಕೈಯಿಂದ ತಿಂದಳಂತೆ.

"ತಿಂದಳಲ್ಲ, ಛಲೋ ಆತು," ಅಂದರು ಕಾಕಾ.

ಎರಡು ವರ್ಷದ ಮೇಲೆ ನನ್ನ ಅಂಗಡಿಗೆ ಬಂದ ದನದ ಡಾಕ್ಟರೊಬ್ಬರು ಮಾತಿನ ನಡುವೆ ಹೇಳಿದರು: ಹೀಗೆ ತಿನಿಸಿನಿಂದ ಬಂದದ್ದೆಂದು ಎಲ್ಲಿಯದು, ಯಾರು ಮಾಡಿದ್ದು ಸಮೇತ ತೋರಿಸಿಕೊಟ್ಟರೆ, ಗೆಲುವು ಹೋದರೂ ಕೆಲವು ಕಡೆ ಕೆಲಸದವನನ್ನು ಉಳಿಸುತ್ತಾರಂತೆ. ನಾನು ಅವರ ಬಿಲ್ಲನ್ನು ಮೂರು ಸಲ ತಪ್ಪಾಗಿ ಬರೆದೆ. ಕಾಕಾಗೆ ಆ ಮಾತು ಮುಟ್ಟಿಸುವ ಧೈರ್ಯ ನನಗೆ ಕೊನೆತನಕ ಬರಲಿಲ್ಲ.

ಪ್ರತಿ ಚಳಿಗಾಲಕ್ಕೂ ನನ್ನ ಹೆಂಡತಿ ಅದೇ ಸ್ಟೀಲ್ ಡಬ್ಬಿಯಲ್ಲಿ ಕಾಕಾನ ಮನೆಗೆ ಉಂಡಿ ಕಳಿಸುತ್ತಿದ್ದಳು, ಗಸಗಸೆಯಿಲ್ಲದ್ದು. ಹೋದ ವರ್ಷ ಚಳಿ ಇಳಿಯುವ ಹೊತ್ತಿಗೆ ಕಾಕಾ ಹೋದರು. ದಿನಕರ್ಮ ಮುಗಿದ ಮೇಲೆ ಅವರ ಮಗಳು ಡಬ್ಬಿ ತಿರುಗಿ ಕೊಡಲು ಬಂದಳು. ನಮ್ಮ ಕಡೆ ನೆರೆಮನೆಯ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡಬಾರದು. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಕೊಡುತ್ತಾರೆ. ಅವಳು ಬಾಗಿಲಲ್ಲೇ ನಿಂತಳು.

"ಬರೀದು ಇಲ್ರೀ ಅಣ್ಣಾರ. ಆದ್ರ ಒಳಗಿಂದ ತಗದ ಒಗ್ಯಾಕ ನನಗ ಮನಸ ಬರಲಿಲ್ಲ. ಅಪ್ಪ ಅರ್ಧ ತಿಂದು ಅರ್ಧ ಮತ್ತ ಇದರಾಗಽ ಇಡ್ತಿದ್ದ. ಮುಟ್ಟಬ್ಯಾಡ್ರಿ ಅಂತಿದ್ದ."

ಮುಚ್ಚಳ ತೆಗೆದೆ. ಒಣಗಿ ಕಲ್ಲಾದ ಅರ್ಧ ಉಂಡಿಗಳು. ಒಂದರ ಮೇಲೊಂದು, ಜೋಪಾನವಾಗಿ ಜೋಡಿಸಿದ್ದವು. ಅವುಗಳ ಪಕ್ಕಕ್ಕೆ ಪಾಸ್‌ಪೋರ್ಟು. ಒಳಗೆ ಒಂದು ಮುದ್ರೆ ಕೂಡ ಬೀಳದ ಹಾಳೆಗಳು, ನಾನು ತುಂಬಿಸಿದ ಹುಟ್ಟಿದ ತಾರೀಖು.

ಮೊನ್ನೆ ಅಂಗಡಿಯಲ್ಲಿ ಕೂತರೂ ಆ ವಾಸನೆ ನನ್ನ ಅಂಗಿಯಲ್ಲೇ ಇತ್ತು. ಮಧ್ಯಾಹ್ನ ಮನೆಗೆ ಬಂದಾಗ ಉಂಡಿ ಕಟ್ಟಿಯಾಗಿತ್ತು. ತೊಟ್ಟಿಲಲ್ಲಿ ಮೊಮ್ಮಗಳು ಮಲಗಿದ್ದಳು. ಹೆಂಡತಿ ನನ್ನ ಅಂಗೈಯಲ್ಲಿ ಒಂದನ್ನು ಇಟ್ಟಳು.

"ಹೊಟ್ಟಿ ಉಬ್ಬರಿಸಿದ್ರ ನಿಮ್ಮ ಅಂಗಡ್ಯಾಗ ಗುಳಿಗಿ ಅವ. ಬೆಲ್ಲ ಸಾಕಾತೇನು, ತಿಂದ ಹೇಳ್ರಿ."

ಮುರಿದೆ. ಒಂದು ತುಂಡನ್ನು ಬಾಯಿಗೆ ಹಾಕಿಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಏಳು ವರ್ಷದ ಮಾತು ಗಂಟಲ ತನಕ ಬಂತು. ಅಡಗಿ ಮಾಡಾವ್ರಿಗಿ ಹೇಳಬಾರ್ದು ಎಂಬ ಮಾತೂ ಅದರ ಹಿಂದೆಯೇ ಬಂತು.

"ಛಲೋ ಆಗ್ಯಾವ," ಅಂದೆ.

"ಮತ್ತ ಇನ್ನರ್ಧ ಯಾಕ ಹಂಗಽ ಹಿಡಕೊಂಡು ನಿಂತೀರಿ?"

ನೋಡಿಕೊಂಡೆ. ಮೊದಲು ಮುರಿದ ಅರ್ಧ ನನ್ನ ಅಂಗೈಯಲ್ಲೇ ಇತ್ತು. ಕೈ ತಾನಾಗಿಯೇ ಬಾಗಿಲ ಕಡೆ ತುಸು ಚಾಚಿಕೊಂಡಿತ್ತು.